ಸರ್ವರ್ ಡೌನ್ ಆದ ದಿನ ಮೊಣಕೈ ನೋಯಲಿಲ್ಲ

ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ ನಾನು ಫಿಸಿಯೋಥೆರಪಿಸ್ಟ್. ಈ ಪ್ರಕರಣ ಯಾರದೋ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಇಲಾಖೆ, ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ರಾಯರು ಎನ್ನುತ್ತೇನೆ. ಅದು ಅವರ ಹೆಸರಲ್ಲ, ಹಾಗೆ ಕರೆಸಿಕೊಳ್ಳುವ ವಯಸ್ಸೂ ಅವರಿಗಿನ್ನೂ ಆಗಿಲ್ಲ.

ಕಾಯಿಲೆ ಅಪರೂಪದ್ದೇನಲ್ಲ, ಟೆನಿಸ್ ಎಲ್ಬೋ, ಅಂದರೆ ಮೊಣಕೈಯ ಹೊರಬದಿಯ ನೋವು. ವಾರಕ್ಕೆ ಒಬ್ಬರಾದರೂ ಇದೇ ನೋವು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಇದನ್ನೇ ಆರಿಸಿಕೊಂಡಿದ್ದು ಏಕೆಂದರೆ, ರಾಯರು, ಅವರ ಮನೆಯವರು, ಮೊದಲು ನೋಡಿದ ವೈದ್ಯರು, ಆಮೇಲೆ ನಾನು, ನಾಲ್ವರೂ ಒಂದೇ ಕಡೆ ಎಡವಿದೆವು. ಎಡವಿದ ಜಾಗ ಕಣ್ಣ ಮುಂದೆಯೇ ಇತ್ತು.

ಬೆಳಗ್ಗೆ ಮೈದಾನ, ಆಮೇಲೆ ಕಚೇರಿ

ರಾಯರಿಗೆ 43 ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಬಲಗೈ ಬಳಸುವವರು. ಸಕ್ಕರೆ ಕಾಯಿಲೆ ಇಲ್ಲ, ಸಿಗರೇಟಿಲ್ಲ. ಕಾಲೇಜಿನ ದಿನಗಳಿಂದಲೂ ಬಾಲ್ ಬ್ಯಾಡ್ಮಿಂಟನ್ ಹುಚ್ಚು. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಆರಕ್ಕೆಲ್ಲ ಹೈಸ್ಕೂಲು ಮೈದಾನದಲ್ಲಿರುತ್ತಾರೆ. ಏಳೂಕಾಲಿಗೆ ಆಟ ಮುಗಿಸಿ, ಮೂಲೆಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಮನೆಗೆ.

ಈ ಆಟ ನೋಡದವರಿಗೆ ಎರಡು ಮಾತು. ಒಂದೊಂದು ಕಡೆ ಐದೈದು ಜನ. 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣ. ಹಳದಿ ಉಣ್ಣೆಯ ಚೆಂಡು, ತೂಕ 27ರಿಂದ 30 ಗ್ರಾಂ. ಶಟಲ್ ಕಾಕ್ ತೂಗುವುದು ಐದು ಗ್ರಾಂ ಆಸುಪಾಸು, ಅಂದರೆ ಈ ಚೆಂಡು ಅದರ ಐದಾರು ಪಟ್ಟು. ಬ್ಯಾಟೂ ಭಾರ, ಸಾಮಾನ್ಯವಾಗಿ 165ರಿಂದ 185 ಗ್ರಾಂ. ಶಟಲ್ ಬ್ಯಾಟು ಅದರ ಅರ್ಧಕ್ಕೆ ಬರುತ್ತದೆ ಅಷ್ಟೆ. ಇಬ್ಬನಿ ಬಿದ್ದ ಬೆಳಗ್ಗೆ ನೆಲಕ್ಕೆ ಬಿದ್ದ ಚೆಂಡು ನೀರು ಹೀರಿಕೊಂಡು ಮತ್ತೂ ತೂಕ ಬರುತ್ತದೆ. ಇಷ್ಟು ಕೇಳಿದರೆ ಮೊಣಕೈ ನೋವಿಗೆ ಬೇರೆ ಕಾರಣ ಯಾರು ಹುಡುಕುತ್ತಾರೆ? ನಾವೂ ಹುಡುಕಲಿಲ್ಲ.

ಆಗಸ್ಟ್‌ನಲ್ಲಿ ರಾಯರು ಹೊಸ ಬ್ಯಾಟು ಕೊಂಡರು. ನವೆಂಬರಿನಲ್ಲಿ ಜಿಲ್ಲಾ ಮಟ್ಟದ ಸರ್ಕಾರಿ ನೌಕರರ ಕ್ರೀಡಾಕೂಟ ಇತ್ತು, ಗಟ್ಟಿಂಗ್ (ಬ್ಯಾಟಿನ ಹೆಣೆದ ತಂತಿ) ಸ್ವಲ್ಪ ಬಿಗಿ ಮಾಡಿಸಿದ್ದರು. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ದಿನ ಒದ್ದೆ ಪಂಚೆ ಹಿಂಡುವಾಗ ಬಲ ಮೊಣಕೈಯ ಹೊರಬದಿ ಚುಳ್ ಎಂದಿತು. ಹತ್ತು ದಿನದೊಳಗೆ ದಬರಾದಿಂದ ಕಾಫಿ ಲೋಟ ಎತ್ತುವುದೂ ಎಡಗೈಗೆ ಹೋಯಿತು. ಹೊಸ ಬ್ಯಾಟು ಬಂತು, ನೋವು ಬಂತು. ಲೆಕ್ಕ ಅಲ್ಲಿಗೇ ಮುಗಿಯಿತು ಎಂದುಕೊಂಡರು.

ಅದಕ್ಕೂ ಮೊದಲು, ಜುಲೈನಲ್ಲಿ, ಕಚೇರಿಯಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸಿಗಾಗಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸಿ, ಪುಟ ಬಿಟ್ಟುಹೋಗಿದೆಯೇ, ತಲೆಕೆಳಗಾಗಿದೆಯೇ ಎಂದು ಒಂದೊಂದಾಗಿ ನೋಡಿ, ವಿಷಯ ಟೈಪ್ ಮಾಡಿ ಅಪ್‌ಲೋಡ್ ಮಾಡುವ ಕೆಲಸವನ್ನು ರಾಯರಿಗೆ ವಹಿಸಿದ್ದರು. ದಿನಕ್ಕೆ ಏಳೆಂಟು ನೂರು ಪುಟ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಕೇಳಿದವರೂ ಇಲ್ಲ. "ಏನು ಕೆಲಸ?" ಅಂತ ನಾನೇ ಮೊದಲ ದಿನ ಕೇಳಿದ್ದೆ. "ಆಫೀಸು, ಟೇಬಲ್ ವರ್ಕ್ ಮೇಡಂ" ಅಂದರು. ಟೇಬಲ್ ವರ್ಕ್ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದೆ.

ನನ್ನ ಬಳಿ ಬರುವ ಮೊದಲು

ಮೊದಲು ಬೀದಿಯ ಕೊನೆಯ ಮನೆಯ ಅಜ್ಜಿ ಹರಳೆಣ್ಣೆ ಹಚ್ಚಿ ಉಳುಕು ತೆಗೆದರು. ಆ ರಾತ್ರಿ ರಾಯರು ನಿದ್ದೆ ಮಾಡಲಿಲ್ಲ. ಆಮೇಲೆ ಸ್ಪ್ರೇ, ಆಮೇಲೆ ಮಾತ್ರೆ. ಮೆಡಿಕಲ್ ಶಾಪಿನಿಂದ ಎಲ್ಬೋ ಪಟ್ಟಿ ತಂದು ನೋಯುವ ಮೂಳೆಯ ಮೇಲೆಯೇ ಬಿಗಿದು ಕಟ್ಟಿಕೊಂಡರು. ಆ ಪಟ್ಟಿಯನ್ನು ಮೂಳೆಗಿಂತ ಎರಡು ಬೆರಳು ಕೆಳಗೆ, ಮುಂಗೈಯ ಮಾಂಸದ ಮೇಲೆ ಕಟ್ಟಬೇಕು. ನೋಯುವಲ್ಲೇ ಕಟ್ಟಿದರೆ ನೋವನ್ನು ಒತ್ತಿ ಹಿಡಿದಂತಾಗುತ್ತದೆ ಅಷ್ಟೆ.

ಅಕ್ಟೋಬರಿನಲ್ಲಿ ಮನೆಯವರು ಪಟ್ಟು ಹಿಡಿದರು. "ರೀ, ಕ್ರೀಡಾಕೂಟ ಬೇಕಾದ್ರೆ ಮೂರು ವಾರ ಆ ಬ್ಯಾಟು ಮುಟ್ಟಬೇಡಿ." ರಾಯರು ಮುಟ್ಟಲಿಲ್ಲ. ಮೊದಲ ಎಂಟು ಹತ್ತು ದಿನ ನೋವು ಇದ್ದಲ್ಲೇ ಇತ್ತು. ನಡುವೆ ಆಯುಧಪೂಜೆ, ವಿಜಯದಶಮಿ, ಭಾನುವಾರ, ಜೊತೆಗೆ ಎರಡು ಸಿ.ಎಲ್. ಹಾಕಿ ಐದು ದಿನ ಅತ್ತೆ ಮನೆಗೆ ಹೋದರು. ಅಲ್ಲಿ ನೋವು ಅರ್ಧಕ್ಕಿಳಿಯಿತು. ವಾಪಸು ಬಂದು ಎರಡು ದಿನಕ್ಕೆ ಮತ್ತೆ ಮೊದಲಿನಂತೆಯೇ.

ಈ ಐದು ದಿನದ ವಿಷಯ ನನ್ನ ಮೊದಲ ದಿನದ ಟಿಪ್ಪಣಿಯಲ್ಲೇ ಇದೆ. ನನ್ನದೇ ಕೈಬರಹ: "ವಿಶ್ರಾಂತಿಯಿಂದ ತಾತ್ಕಾಲಿಕ ಶಮನ." ಆಟ ನಿಂತು ಆಗಲೇ ಎಂಟು ಹತ್ತು ದಿನವಾಗಿತ್ತಲ್ಲ, ಹಾಗಾದರೆ ಈ ಐದು ದಿನ ಯಾವುದರಿಂದ ವಿಶ್ರಾಂತಿ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ.

ನವೆಂಬರ್ ಮೊದಲ ವಾರ ಮೂಳೆ ವೈದ್ಯರೊಬ್ಬರಿಗೆ ತೋರಿಸಿದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಏನೂ ಇರುವುದೂ ಇಲ್ಲ. ಕ್ರೀಡಾಕೂಟಕ್ಕೆ ಎರಡೇ ವಾರ ಇದೆ ಎಂದು ರಾಯರೇ ಒತ್ತಾಯ ಮಾಡಿ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರು. ನಾಲ್ಕನೇ ದಿನಕ್ಕೆ ಕೈ ಹೊಸದಾದಂತೆ ಆಯಿತಂತೆ. ಕ್ರೀಡಾಕೂಟದಲ್ಲಿ ಸೆಂಟರ್ ಜಾಗದಲ್ಲಿ ನಿಂತು ಮೂರು ಪಂದ್ಯ ಆಡಿದರು. ತಂಡಕ್ಕೆ ಎರಡನೇ ಸ್ಥಾನ ಬಂತು. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ನೋವು ತಿರುಗಿ ಬಂತು, ಈ ಸಲ ಹಲ್ಲುಜ್ಜುವಾಗಲೂ.

ವೈದ್ಯರು ತಪ್ಪು ಮಾಡಿದರು ಎನ್ನಲಾರೆ. ರೋಗಿ ಕೇಳಿದ್ದು ಎರಡು ವಾರದ ಪರಿಹಾರ, ಸಿಕ್ಕಿದ್ದೂ ಅದೇ.

ಮೊದಲ ಮೂರು ವಾರ, ನನ್ನ ತಪ್ಪು

ಜನವರಿ ಎರಡನೇ ವಾರ ನನ್ನ ಬಳಿ ಬಂದರು. ಹೊರಬದಿಯ ಮೂಳೆಯ ತುದಿಯಲ್ಲಿ, ಅದರ ಸ್ವಲ್ಪ ಮುಂದೆ ಬೆರಳಿಟ್ಟರೆ ಮುಖ ಕಿವುಚುತ್ತಿದ್ದರು. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಮೇಲೆತ್ತಲು ಹೇಳಿ ನಾನು ಕೆಳಕ್ಕೆ ಒತ್ತಿದೆ, ನೋವು. ನಡುಬೆರಳನ್ನು ಮಾತ್ರ ಎತ್ತಿಸಿ ಒತ್ತಿದೆ, ಹೆಚ್ಚು ನೋವು. ಕುತ್ತಿಗೆ ತಿರುಗಿಸಿ ಬಾಗಿಸಿ ನೋಡಿದೆ, ಕೈಗೆ ಏನೂ ಇಳಿಯಲಿಲ್ಲ. ಬೆರಳಲ್ಲಿ ಜೋಮಿಲ್ಲ. ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿಯುವ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಎಂಬ ಸ್ನಾಯು ಮೊಣಕೈ ಮೂಳೆಗೆ ಅಂಟಿರುವ ಕಡೆ ಅದರ ರಜ್ಜು ಹದಗೆಟ್ಟಿತ್ತು. ಉರಿಯೂತ ಎಂದು ಹಿಂದೆ ಹೇಳುತ್ತಿದ್ದರು, ಲ್ಯಾಟರಲ್ ಎಪಿಕಾಂಡಿಲೈಟಿಸ್ ಎಂಬ ವೈದ್ಯಕೀಯ ಹೆಸರಿನಲ್ಲೂ ಅದು ಉಳಿದುಬಿಟ್ಟಿದೆ ('ಐಟಿಸ್' ಎಂದರೆ ಉರಿಯೂತ). ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಆಗಿರುವುದು ಎಳೆಗಳು ಸವೆದು, ಸರಿಯಾಗಿ ಕೂಡಿಕೊಳ್ಳದೆ ಉಳಿಯುವುದು. ಉರಿಯೂತದ ಪಾಲು ಕಡಿಮೆ.

ಅಳತೆಗೆ ನನ್ನದೊಂದು ಬಡ ಉಪಾಯ ಇದೆ. ಹಿಡಿತ ಅಳೆಯುವ ಡೈನಮೋಮೀಟರ್ ನಮ್ಮಂಥ ಸಣ್ಣ ಕ್ಲಿನಿಕ್ಕುಗಳಲ್ಲಿ ಇರುವುದಿಲ್ಲ. ಬಿ.ಪಿ. ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಮೀಟರಿನ ಮುಳ್ಳು 20ಕ್ಕೆ ಬರುವವರೆಗೆ ಗಾಳಿ ತುಂಬುತ್ತೇನೆ. ಮೊಣಕೈ ನೇರ ಮಾಡಿ ಅದನ್ನು ಹಿಂಡಬೇಕು. ನೋವು ಶುರುವಾದ ಕ್ಷಣ "ಹ್ಞಾ" ಅನ್ನಬೇಕು. ಮುಳ್ಳು ಎಲ್ಲಿದೆಯೋ ಅದೇ ಅಂಕಿ. ರಾಯರ ಎಡಗೈ ನೋವೇ ಇಲ್ಲದೆ 240 ಮುಟ್ಟಿತು. ಬಲಗೈ 70ಕ್ಕೇ "ಹ್ಞಾ".

ನಾನು ಕೊಟ್ಟ ಸಲಹೆ ಪುಸ್ತಕದಲ್ಲಿರುವಂಥದ್ದೇ. ಹೊಸ ಬ್ಯಾಟು ಅಟ್ಟಕ್ಕೆ, ಹಳೇ ಬ್ಯಾಟಿಗೆ ಹೊಸ ಗ್ರಿಪ್. ಗಟ್ಟಿಂಗ್ ಸಡಿಲ. ಪಟ್ಟಿ ಸರಿಯಾದ ಜಾಗಕ್ಕೆ. ಮಣಿಕಟ್ಟನ್ನು ಅಲುಗಿಸದೆ ತಡೆದು ಹಿಡಿಯುವ ವ್ಯಾಯಾಮ, ಒಂದು ಸಲಕ್ಕೆ 45 ಸೆಕೆಂಡು, ಐದು ಸಲ. ಆಟ ಪೂರ್ತಿ ಬಂದ್.

ಮೂರು ವಾರ ಶಿಸ್ತಾಗಿ ಮಾಡಿದರು. ಅಂಕಿ 70ರಿಂದ 85ಕ್ಕೆ ಬಂತು. ಅಷ್ಟು ವ್ಯತ್ಯಾಸ ಒಂದೇ ದಿನ ಎರಡು ಸಲ ಹಿಂಡಿಸಿದರೂ ಬರುತ್ತದೆ. ಮುಖ ಸಪ್ಪಗೆ ಮಾಡಿಕೊಂಡು ಕೇಳಿದರು, "ಮೇಡಂ, ಇಪ್ಪತ್ತು ವರ್ಷ ಅದೇ ಬ್ಯಾಟಲ್ಲಿ ಆಡಿದೀನಿ. ಆಗ ಬರದ ನೋವು ಈಗ ಬ್ಯಾಟು ಮುಟ್ಟದೇ ಇದ್ರೂ ಬರ್ತಿದೆಯಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಕೇಳಿದ ಪ್ರಶ್ನೆ ಮಾತ್ರ ನಾನು ಮೊದಲ ದಿನವೇ ಕೇಳಿಕೊಳ್ಳಬೇಕಾಗಿದ್ದದ್ದು.

ಗೋಡೆ ಕ್ಯಾಲೆಂಡರು

ಆ ದಿನ ವ್ಯಾಯಾಮ ಬದಲಿಸಲಿಲ್ಲ, ಮಾತ್ರೆಯ ಮಾತಾಡಲಿಲ್ಲ. ಎರಡು ವಾರ ಲೆಕ್ಕ ಇಡಲು ಹೇಳಿದೆ. ಎದ್ದ ಕೂಡಲೇ, ಕಚೇರಿಗೆ ಹೊರಡುವಾಗ, ಕಚೇರಿಯಿಂದ ಬಂದಾಗ, ಮಲಗುವಾಗ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಆ ದಿನ ಏನಾದರೂ ವಿಶೇಷ ಇದ್ದರೆ ಒಂದು ಪದ. ಜೊತೆಗೆ ಒಂದು ಪ್ರಯೋಗ: ಎರಡನೇ ವಾರ ಎರಡು ದಿನ ಬೆಳಗ್ಗೆ ಅರ್ಧ ಗಂಟೆ ಹಗುರಾಗಿ ಆಡಿ ಬನ್ನಿ ಅಂದೆ. ರಾಯರ ಮುಖ ಅರಳಿತು. ಅವರ ಮನೆಯವರು ನನ್ನನ್ನು ನೋಡಿದ ರೀತಿ ನೆನಪಿದೆ.

ಎರಡು ವಾರ ಕಳೆದು ಬಂದಾಗ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರನ್ನೇ ಕಿತ್ತು ತಂದಿದ್ದರು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಅವುಗಳ ನಡುವೆ ಕೆಂಪು ಪೆನ್ನಿನಲ್ಲಿ ನಾಲ್ಕು ನಾಲ್ಕು ಅಂಕಿ. ನಾನು ಅದನ್ನು ಮೇಜಿನ ಮೇಲೆ ಹರಡಿ ನೋಡಿದೆ. ಬೆಳಗ್ಗೆ 2, ಕಚೇರಿಗೆ ಹೊರಡುವಾಗ 2, ಬಂದಾಗ 6. ಮರುದಿನ 2, 2, 6. ಆಮೇಲೆ 3, 2, 7. ಎರಡನೇ ಶನಿವಾರ ರಜೆ: 2, 2, 2. ಭಾನುವಾರ: 1, 1, 2. ಆಡಿದ ಮಂಗಳವಾರ ಕಚೇರಿಗೆ ಹೊರಡುವಾಗ 3 ಇತ್ತು, ಉಳಿದ ದಿನಕ್ಕಿಂತ ಒಂದೇ ಒಂದು ಹೆಚ್ಚು.

ಒಂದು ಬುಧವಾರದ ಚೌಕದಲ್ಲಿ ಮಾತ್ರ ಸಂಜೆ 2 ಎಂದಿತ್ತು. ಕೆಲಸದ ದಿನ, ರಜೆಯಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿ. ಅಕ್ಷರ ಗುರುತು ಹತ್ತಲಿಲ್ಲ.

"ಇದೇನು ಬರೆದಿದ್ದೀರಿ ಸರ್?"

"ಸರ್ವರ್ ಡೌನ್ ಮೇಡಂ. ಅವತ್ತು ಇಡೀ ದಿನ ಸಿಸ್ಟಮ್ಮೇ ಓಪನ್ ಆಗಲಿಲ್ಲ. ಕೂತು ಬೈಂಡಿಂಗ್ ಮಾಡಿದ್ವಿ."

ಅವರೂ ಸುಮ್ಮನಾದರು, ನಾನೂ ಸುಮ್ಮನಾದೆ. ಆಮೇಲೆ ಅವರೇ ಮೆಲ್ಲಗೆ, "ದಸರಾದಲ್ಲೂ ಹಂಗೇ ಆಗಿತ್ತಲ್ವಾ" ಅಂದರು.

ಮೇಜಿನ ಫೋಟೋ

ಮರುದಿನ ಅಟೆಂಡರ್ ಕೈಯಲ್ಲಿ ಒಂದು ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸಿದರು. ಪೋಸು ಕೊಡಬೇಡಿ, ಕೆಲಸ ಮಾಡುವಾಗ ಹೇಗಿರುತ್ತೀರೋ ಹಾಗೇ ಇರಲಿ ಎಂದು ಮೊದಲೇ ಹೇಳಿದ್ದೆ.

ಹಳೇ ಕಾಲದ ಎತ್ತರದ ಮರದ ಮೇಜು, ಬರೆಯುವುದಕ್ಕೆಂದು ಮಾಡಿದ್ದು. ಬೆತ್ತದ ಕುರ್ಚಿ, ಕೂತು ಕೂತು ನಡುವೆ ಹೊಂಡ ಬಿದ್ದಿದೆ. ಹಾಗಾಗಿ ಮೊಣಕೈ ಮೇಜಿನ ಅಂಚಿಗಿಂತ ನಾಲ್ಕು ಬೆರಳು ಕೆಳಗಿದೆ, ಮಣಿಕಟ್ಟು ಅಂಚಿನ ಮೇಲೆ ಹತ್ತಿ ಹಿಂದಕ್ಕೆ ಬಾಗಿದೆ. ಕೀಬೋರ್ಡಿನ ಬಲಕ್ಕೆ ಅಂಕಿಗಳ ಕೀಲಿ, ಅದರ ಬಲಕ್ಕೆ ಇಂಕ್ ಪ್ಯಾಡು ಮತ್ತು ಸೀಲುಗಳ ಸ್ಟ್ಯಾಂಡು, ಅದರಾಚೆ ಕಟ್ಟಿದ ಕಡತಗಳ ಒಂದು ಗಂಟು, ಅದರಾಚೆ ಮೌಸು. ತೋಳು ಹೊರಕ್ಕೆ ಚಾಚಿಕೊಂಡಿದೆ. ಕೆಳಗೆ ಮೌಸ್ ಪ್ಯಾಡಿನ ಬದಲು ಹಳೇ ಕಡತದ ರಟ್ಟು.

ಇಷ್ಟು ಸಾಕಾಗಿತ್ತು. ಆದರೂ ಇನ್ನೊಂದು ವಿಷಯ ಫೋಟೋದಲ್ಲಿ ಕಾಣದು, ಕೇಳಿದಾಗಷ್ಟೇ ತಿಳಿಯಿತು. ಹೆಬ್ಬೆರಳು ಮತ್ತು ಕಿರುಬೆರಳು ಮೌಸನ್ನು ಎರಡೂ ಕಡೆಯಿಂದ ಅಮುಕಿ ಹಿಡಿದಿದ್ದವು, ಯಾಕೆ ಅಷ್ಟು ಬಿಗಿ ಎಂದು ಫೋನು ಮಾಡಿ ಕೇಳಿದೆ.

"ಚಕ್ರ ಕೆಟ್ಟೋಗಿದೆ ಮೇಡಂ. ಪೇಜು ಸರಿಸೋಕೆ ಪಕ್ಕದ ಬಾರ್ ಹಿಡ್ಕೊಂಡು ಎಳೀಬೇಕು."

"ಎಷ್ಟು ದಿನ ಆಯ್ತು?"

"ಗಣೇಶನ ಹಬ್ಬದ ಆಸುಪಾಸು ಇರಬೇಕು. ಹೊಸದು ಬೇಕು ಅಂತ ಇಂಡೆಂಟ್ ಹಾಕಿದೀನಿ."

ಬಟನ್ನು ಒತ್ತಿ ಹಿಡಿದು, ಇಡೀ ಮುಂಗೈ ಬಿಗಿ ಮಾಡಿ, ಮಣಿಕಟ್ಟು ಮೇಲಕ್ಕೆ ಬಾಗಿಸಿಕೊಂಡೇ ಕೆಳಕ್ಕೆ ಎಳೆಯುವುದು. ಒಂದು ಪುಟಕ್ಕೆ ಒಂದು ಸಲ ಎಂದರೂ ದಿನಕ್ಕೆ ಏಳೆಂಟು ನೂರು ಸಲ. ಬೆಳಗಿನ ಆಟದಲ್ಲಿ ಒಂದು ಗಂಟೆಗೆ ಎಷ್ಟು ಹೊಡೆತ ಬೀಳುತ್ತದೆ ಎಂದು ಆಮೇಲೆ ಅವರೇ ಎಣಿಸಿದರು, ಇನ್ನೂರು ದಾಟಲಿಲ್ಲ. ಹೊಡೆತದಲ್ಲಿ ಬಲ ಹೆಚ್ಚು, ನಿಜ. ಆದರೆ ಎರಡು ಹೊಡೆತದ ನಡುವೆ ಕೈ ಸಡಿಲವಾಗುತ್ತದೆ. ಮೌಸು ಹಿಡಿದ ಕೈ ಸಡಿಲವಾಗುವುದು ಊಟದ ಹೊತ್ತಿಗೆ. ಆಯುಧಪೂಜೆಯ ದಿನ ಆ ಮೌಸಿಗೂ ಕುಂಕುಮ ಇಟ್ಟು ನಮಸ್ಕಾರ ಮಾಡಿ ಊರಿಗೆ ಹೋಗಿದ್ದರಂತೆ.

ಇಲ್ಲಿ ಕಾಯಿಲೆಯ ಹೆಸರಿನ ಕಥೆಯನ್ನೂ ಹೇಳಬೇಕು, ಏಕೆಂದರೆ ನಮ್ಮ ದಾರಿ ತಪ್ಪಿಸಿದ್ದರಲ್ಲಿ ಅದರ ಪಾಲೂ ಇದೆ. ಈ ನೋವನ್ನು ವೈದ್ಯ ಸಾಹಿತ್ಯದಲ್ಲಿ ಮೊದಲು ವಿವರಿಸಿದ್ದು 1873ರಲ್ಲಿ, ಜರ್ಮನಿಯ ರುಂಗೆ ಎಂಬ ವೈದ್ಯ. ಆತ ಬರೆಯುತ್ತಿದ್ದದ್ದು ಆಟದ ಬಗ್ಗೆ ಅಲ್ಲ, ಬರೆದು ಬರೆದು ಕೈ ಸೆಳೆತ ಬರುವವರ ಬಗ್ಗೆ. ಹತ್ತು ವರ್ಷದ ನಂತರ, 1883ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 'ಲಾನ್ ಟೆನಿಸ್ ಎಲ್ಬೋ' ಎಂಬ ಹೆಸರು ಬಂತು, ಅದೇ ನಿಂತಿತು. ಗುಮಾಸ್ತರ ಕಾಯಿಲೆ ಆಟಗಾರರ ಹೆಸರಿಗೆ ಖಾತೆಯಾಯಿತು. ಟೆನಿಸ್ ರಾಕೆಟ್ಟನ್ನು ಕೈಯಲ್ಲಿ ಹಿಡಿಯದ ಎಷ್ಟೋ ಜನ ಇವತ್ತೂ ಅದೇ ಹೆಸರು ಹೊತ್ತು ನನ್ನ ಬಳಿ ಬರುತ್ತಾರೆ. ರಾಯರ ಕೈಯಲ್ಲಿ ಬ್ಯಾಟೂ ಇದ್ದದ್ದರಿಂದ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಬದಲಾದದ್ದು

ಇಂಡೆಂಟಿಗೆ ಕಾಯದೆ ರಾಯರು 350 ರೂಪಾಯಿ ಕೊಟ್ಟು ತಮ್ಮದೇ ಮೌಸು ಕೊಂಡರು. ಪುಟ ಸರಿಸಲು ಎಡಗೈಯಿಂದ ಪೇಜ್ ಡೌನ್ ಒತ್ತುವುದು ರೂಢಿ ಮಾಡಿಕೊಂಡರು. ಕುರ್ಚಿಯ ಹೊಂಡಕ್ಕೆ ದಿಂಬು ಬಂತು, ಕಾಲು ನೆಲಕ್ಕೆ ಎಟುಕದಾಗ ಕೆಳಗೆ ರದ್ದಿ ರಿಜಿಸ್ಟರುಗಳ ಕಟ್ಟು. ಕೀಬೋರ್ಡನ್ನು ಎಡಕ್ಕೆ ಸರಿಸಿ, ಅಕ್ಷರಗಳ ಮಧ್ಯಭಾಗ ಹೊಕ್ಕುಳಿನ ನೇರಕ್ಕೆ ಬರುವಂತೆ ಇಟ್ಟೆವು. ಮೌಸು ಅಂಕಿ ಕೀಲಿಯ ಪಕ್ಕಕ್ಕೇ ಬಂತು. ಸೀಲು, ಇಂಕ್ ಪ್ಯಾಡು ಎಡಗಡೆಗೆ ಹೋದವು.

ಎಡಗೈಯಲ್ಲಿ ಮೌಸು ಹಿಡಿಯಿರಿ ಎಂದು ನಾನು ಹೇಳಿದ್ದು ಎರಡೇ ದಿನಕ್ಕೆ ಬಿದ್ದುಹೋಯಿತು. ಅಪ್‌ಲೋಡ್ ಮಾಡಬೇಕಾದ ಕಡತ ಒಂದನ್ನು ಎಲ್ಲಿಗೋ ಸರಿಸಿ, ಹುಡುಕಲು ಅರ್ಧ ದಿನ ಹಿಡಿಯಿತಂತೆ. ಅರ್ಧ ಗಂಟೆಗೊಮ್ಮೆ ಮೊಬೈಲ್ ಅಲಾರಂ ಇಟ್ಟುಕೊಂಡು ಏಳುವುದೂ ನಡೆಯಲಿಲ್ಲ. ಮೂರನೇ ದಿನ ಪಕ್ಕದ ಮೇಜಿನವರು ರೇಗಿದರು. ಕೊನೆಗೆ ಉಳಿದ ಉಪಾಯ ರಾಯರದೇ. ಒಂದು ಕಡತ ಮುಗಿದರೆ ಅದನ್ನು ಪಕ್ಕದಲ್ಲಿ ಪೇರಿಸದೆ ಎದ್ದು ಹೋಗಿ ರ್‍ಯಾಕಿನಲ್ಲಿಟ್ಟು ಬರುವುದು. ಕೆಲಸದ ಒಳಗೇ ಸೇರಿಕೊಂಡ ವಿರಾಮ ಆದ್ದರಿಂದ ಅದು ತಿಂಗಳುಗಟ್ಟಲೆ ನಡೆಯಿತು. ಆಮೇಲಿಂದ ನಾನು ಯಾರಿಗೂ ಅಲಾರಂ ಹೇಳುತ್ತಿಲ್ಲ.

ಮೇಜು ಸರಿಯಾಯಿತು ಅಂದ ಮಾತ್ರಕ್ಕೆ ಸವೆದ ರಜ್ಜು ಗಟ್ಟಿಯಾಗುವುದಿಲ್ಲ. ಅದಕ್ಕೆ ಭಾರ ಬೇಕು, ನಿಧಾನವಾಗಿ ಏರುವ ಭಾರ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಾಚೆ ಬಿಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಬೇಕು. ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈ ಒಂದರಿಂದಲೇ ನಾಲ್ಕು ಎಣಿಸುತ್ತ ಇಳಿಸಬೇಕು. ಹದಿನೈದು ಸಲ, ಮೂರು ಸುತ್ತು. ಎರಡು ಮೂರು ವಾರಕ್ಕೊಮ್ಮೆ ತೂಕ ಏರುತ್ತ ಹೋಯಿತು. ಒಂದು ನಿಯಮ ಹೇಳಿದ್ದೆ: ಮಾಡುವಾಗ ಹತ್ತರಲ್ಲಿ ಮೂರು ನಾಲ್ಕರವರೆಗೆ ನೋವು ಬಂದರೆ ಹೆದರಬೇಡಿ, ಮರುದಿನ ಬೆಳಗ್ಗೆ ಹಿಂದಿನ ದಿನದ ಮಟ್ಟಕ್ಕೆ ಇಳಿದಿದ್ದರೆ ಸಾಕು.

ಆಟ ನಿಲ್ಲಿಸಲಿಲ್ಲ. ಇದು ನನ್ನ ಎರಡನೇ ತಿದ್ದುಪಡಿ. ವಾರಕ್ಕೆ ಎರಡು ದಿನ, ಬಿಸಿಲು ಬಂದ ಮೇಲೆ ಒಣಗಿದ ಚೆಂಡಿನಲ್ಲಿ, ಹಳೇ ಬ್ಯಾಟಿನಲ್ಲಿ. ಆಟ ಬಿಟ್ಟ ದಿನಗಳಲ್ಲಿ ಅವರ ಕೈ ಇನ್ನಷ್ಟು ಸೊರಗಿತ್ತು, ಮನಸ್ಸೂ ಅಷ್ಟೇ. ಮನೆಯವರು ಹೇಳಿದ ಮಾತು, "ಆಟಕ್ಕೆ ಹೋಗದ ದಿನ ಇವರ ಜೊತೆ ಇರೋದು ಕಷ್ಟ ಮೇಡಂ."

ಫೆಬ್ರವರಿ ಕೊನೆಗೆ ಬಿ.ಪಿ. ಪಟ್ಟಿಯ ಮುಳ್ಳು 130.

ಮಾರ್ಚ್ ಎಂಡ್

ಮಾರ್ಚ್ ಬಂದರೆ ಸರ್ಕಾರಿ ಕಚೇರಿಯಲ್ಲಿ ಯಾರಿಗೂ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಬಿಲ್ಲುಗಳೆಲ್ಲ 31ರ ಒಳಗೆ ಖಜಾನೆ-2 ತಂತ್ರಾಂಶಕ್ಕೆ ಹೋಗಬೇಕು. ರಾಯರು ಕಡತದ ಕೆಲಸದ ಜೊತೆಗೆ ಬಿಲ್ಲಿಗೂ ಕೂತರು, ಹನ್ನೆರಡು ದಿನ ವ್ಯಾಯಾಮ ಬಿಟ್ಟರು, ರಾತ್ರಿ ಒಂಬತ್ತಾದರೂ ಕಚೇರಿಯಲ್ಲೇ. ನೋವು ಮತ್ತೆ 6. ಮುಳ್ಳು 95ಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ಪಕ್ಕದ ತಾಲ್ಲೂಕಿನಲ್ಲಿ ಒಂದು ಟೂರ್ನಮೆಂಟ್ ಇತ್ತು.

"ಇನ್ನೊಂದು ಇಂಜೆಕ್ಷನ್ ಹಾಕಿಸ್ಕೊಂಡ್ಬಿಡ್ತೀನಿ ಮೇಡಂ."

ಬೇಡ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಹೂಂ ಎಂದು ಎದ್ದು ಹೋಗಿ ಹಾಕಿಸಿಕೊಳ್ಳುತ್ತಿದ್ದರು. ಅದರ ಬದಲು ಒಂದು ಹಾಳೆಯಲ್ಲಿ ಆರು ಅಂಕಿ ಬರೆದುಕೊಟ್ಟೆ. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ನೆದರ್‌ಲ್ಯಾಂಡ್ಸಿನ ಅಧ್ಯಯನ. ಇದೇ ನೋವಿನ 185 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು: ಇಂಜೆಕ್ಷನ್, ಫಿಸಿಯೋಥೆರಪಿ, ಸುಮ್ಮನೆ ಕಾದು ನೋಡುವುದು. ಆರು ವಾರಕ್ಕೆ ಗುಣ ಕಂಡವರು ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 92, ಫಿಸಿಯೋಥೆರಪಿಯಲ್ಲಿ 47, ಕಾದವರಲ್ಲಿ 32. ಒಂದು ವರ್ಷಕ್ಕೆ ಅದೇ ಕ್ರಮದಲ್ಲಿ 69, 91, 83.

ರಾಯರು ಲೆಕ್ಕದ ಮನುಷ್ಯ. ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಅಂದ್ರೆ ಏನೂ ಮಾಡದೇ ಇದ್ದವರೂ ವರ್ಷಕ್ಕೆ ಇಂಜೆಕ್ಷನ್ ಹಾಕಿಸ್ಕೊಂಡವರಿಗಿಂತ ಚೆನ್ನಾಗಿದ್ರು."

"ಹೌದು."

"ಮತ್ತೆ ನಿಮ್ಮ ಹತ್ರ ಬಂದವರಿಗೂ ಕಾದವರಿಗೂ ಎಂಟೇ ವ್ಯತ್ಯಾಸ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹೌದು ಎಂದೆ, ಬೇರೇನು ಹೇಳುವುದು? ಹೆಚ್ಚಿನವರಿಗೆ ಈ ನೋವು ವರ್ಷದೊಳಗೆ ತಾನಾಗಿ ತಗ್ಗುತ್ತದೆ, ಕೆಡಿಸುವ ಕೆಲಸ ಮುಂದುವರಿಯದಿದ್ದರೆ. ನಮ್ಮ ವ್ಯಾಯಾಮದ ಬಗ್ಗೆ ನಾವು ಕೊಚ್ಚಿಕೊಳ್ಳುವಷ್ಟು ದೊಡ್ಡ ಅಂತರ ಆ ಅಂಕಿಗಳಲ್ಲಿ ಇಲ್ಲ. ಹಾಗೆಂದು ಒಪ್ಪಿಕೊಂಡದ್ದೇ ಕೆಲಸಕ್ಕೆ ಬಂತು ಎಂದು ಕಾಣುತ್ತದೆ. ಟೂರ್ನಮೆಂಟಿಗೆ ಹೋದರು, ಆಡಲಿಲ್ಲ, ಸ್ಕೋರ್ ಬರೆದರು. ಮರುದಿನದಿಂದ ಬಾಟಲಿ ಹಿಡಿದು ಕೂತರು.

ಎಲ್ಲಿಗೆ ಮುಟ್ಟಿತು

ಏಪ್ರಿಲ್ ಕೊನೆಗೆ 140, ಮೇ ಕೊನೆಗೆ 185, ಜೂನ್ ಮೂರನೇ ವಾರ 215. ಎರಡು ಕೆ.ಜಿ. ಡಂಬೆಲ್ ಎತ್ತಿಳಿಸುತ್ತಿದ್ದರು. ವಾರಕ್ಕೆ ನಾಲ್ಕು ದಿನದ ಆಟಕ್ಕೆ ಮರಳಿದರು. ಅಟ್ಟದ ಮೇಲಿದ್ದ ಹೊಸ ಬ್ಯಾಟು ಇಳಿಯಿತು, ಅದರಲ್ಲಿ ಆಡಿದರೂ ಏನೂ ಆಗಲಿಲ್ಲ. ಬ್ಯಾಟಿನ ಮೇಲೆ ಹೊರಿಸಿದ್ದ ಆರೋಪ ಹಾಗೆ ಬಿದ್ದುಹೋಯಿತು. ಪೂರ್ತಿ ಗುಣ ಎನ್ನಲಾರೆ. ಒದ್ದೆ ಬೆಡ್‌ಶೀಟು ಹಿಂಡಿದರೆ ಈಗಲೂ ಒಂದು ಸಣ್ಣ ಎಳೆತ ಬರುತ್ತದಂತೆ. ಬೆಡ್‌ಶೀಟು ಹಿಂಡದಿರಲು ಅದು ಒಳ್ಳೆಯ ನೆಪವೂ ಆಗಿದೆ ಎಂದು ಮನೆಯವರ ದೂರು.

ನನ್ನ ಕ್ಲಿನಿಕ್ಕಿನಲ್ಲಿ ಇದಾದ ಮೇಲೆ ಎರಡು ಬದಲಾವಣೆ ಆಗಿದೆ. "ಏನು ಕೆಲಸ?" ಎಂದು ಕೇಳಿ ನಿಲ್ಲಿಸುವುದಿಲ್ಲ. ನೆನ್ನೆ ಬೆಳಗ್ಗೆ ಹತ್ತರಿಂದ ಊಟದವರೆಗೆ ನಿಮ್ಮ ಈ ಕೈ ಏನು ಮಾಡುತ್ತಿತ್ತು ಎಂದು ಕೇಳುತ್ತೇನೆ. ಟೈಲರಿಗೂ, ಅಡುಗೆಯವರಿಗೂ, ಐಟಿ ಹುಡುಗರಿಗೂ ಅದೇ ಪ್ರಶ್ನೆ, ಉತ್ತರ ಬರಲು ಸಮಯ ಹಿಡಿಯುತ್ತದೆ. ಮೂರು ತಿಂಗಳಲ್ಲಿ ಹೊಸದಾಗಿ ಬಂದದ್ದು, ಕೆಟ್ಟದ್ದು ಏನು ಎಂದೂ ಕೇಳುತ್ತೇನೆ. ಹೊಸದಾಗಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಕೆಟ್ಟದ್ದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಒಗ್ಗಿಕೊಂಡಿರುತ್ತಾರೆ. ಇನ್ನೊಂದು, ಆಟ ನಿಲ್ಲಿಸಿ ಎನ್ನುವ ಮೊದಲು ಎರಡು ವಾರದ ಕ್ಯಾಲೆಂಡರು ನೋಡುತ್ತೇನೆ. ರೋಗಿ ಪ್ರೀತಿಸುವುದನ್ನು ನಿಲ್ಲಿಸುವುದು ನಮಗೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ಈಗ ಸ್ವಲ್ಪ ನಾಚಿಕೆಯಾಗುತ್ತದೆ. ಇಂಡೆಂಟ್ ಬಗ್ಗೆ ಮಾತಾಡಲು ಮಾತ್ರ ಬಾಯಿ ಬರುವುದಿಲ್ಲ.

ಜುಲೈನಲ್ಲಿ ರಾಯರಿಗೆ ಬೇರೆ ಶಾಖೆಗೆ ಬದಲಿಯಾಯಿತು. ಸ್ವಂತ ದುಡ್ಡಿನ ಮೌಸನ್ನು ಜೊತೆಗೆ ತೆಗೆದುಕೊಂಡು ಹೋದರು. ಹಳೇ ಮೇಜಿಗೆ ಹೊರಗುತ್ತಿಗೆಯ ಹುಡುಗಿಯೊಬ್ಬಳು ಆಪರೇಟರ್ ಆಗಿ ಬಂದಿದ್ದಾಳೆ. ಚಕ್ರ ಕೆಟ್ಟ ಮೌಸು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿತ್ತು, ಬಿಸಾಡುವಂತಿರಲಿಲ್ಲ, ಬೀರುವಿನಲ್ಲೇ ಇತ್ತು. ಈಗ ಅದನ್ನೇ ತೆಗೆದು ಅವಳ ಮೇಜಿಗೆ ಹಾಕಿಕೊಟ್ಟಿದ್ದಾರಂತೆ. ಹೊಸ ಮೌಸಿನ ಇಂಡೆಂಟ್ ಇನ್ನೂ ಮೇಲಿನಿಂದ ಬಂದಿಲ್ಲ.